ನದಿ ದಂಡೆಯ ಪೊದೆ ಕಡಿದಾಗ ಹೋದ ಹಾಡು

ಇವತ್ತಿನ ಕಥೆ ಕ್ಯಾಲಿಫೋರ್ನಿಯಾದ್ದು. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಹಕ್ಕಿ ಹೆಸರು ಲೀಸ್ಟ್ ಬೆಲ್ಸ್ ವಿರಿಯೊ. ತೂಕ ಹೆಚ್ಚುಕಮ್ಮಿ ಹತ್ತು ಗ್ರಾಂ, ಅಂದ್ರೆ ಮೂರು ಒಂದು ರೂಪಾಯಿ ನಾಣ್ಯದಷ್ಟು. ನೋಡೋಕೆ ಬರೀ ಬೂದು ಬಣ್ಣ. ಆದ್ರೆ ಹಾಡು ಮಜವಾಗಿದೆ: ಒಂದು ಸಾಲು ಮೇಲಕ್ಕೇರಿ ಪ್ರಶ್ನೆ ಕೇಳಿದ ಹಾಗೆ, ಮುಂದಿನ ಸಾಲು ಕೆಳಗಿಳಿದು ಉತ್ತರ ಕೊಟ್ಟ ಹಾಗೆ!

1843ರಲ್ಲಿ ಚಿತ್ರಕಾರ ಆಡುಬಾನ್ ಮಿಸೌರಿ ನದಿಗುಂಟ ಪ್ರವಾಸ ಹೋದಾಗ ಜೊತೆಗಿದ್ದವರು ಜಾನ್ ಬೆಲ್. 'ಬೆಲ್ಸ್' ಅನ್ನೋ ಹೆಸರು ಅವರದೇ. ನಮ್ಮ ಕಥೆಯ ಹಕ್ಕಿ ಆ ಜಾತಿಯ ಕ್ಯಾಲಿಫೋರ್ನಿಯಾ ಕಡೆಯ ಉಪಜಾತಿ.

ಇದು ಗೂಡು ಕಟ್ಟೋದು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿ, ನದಿ ದಂಡೆಯ ದಟ್ಟ ವಿಲ್ಲೋ ಪೊದೆಗಳೊಳಗೆ. ಸಮಸ್ಯೆ ಅಲ್ಲೇ ಶುರು. ಜನರ ಲೆಕ್ಕದಲ್ಲಿ ಪೊದೆ ಅಂದ್ರೆ ಖಾಲಿ ಜಾಗ. ಹೊಲ ಬಂತು, ಅಣೆಕಟ್ಟು ಬಂತು, ಪ್ರವಾಹ ತಡೆಯೋ ಏರಿ ಬಂತು. ಸೆಂಟ್ರಲ್ ವ್ಯಾಲಿಯ ದಂಡೆಗಾಡಿನಲ್ಲಿ ಶೇ. 90ಕ್ಕಿಂತ ಹೆಚ್ಚು ಹೋಯ್ತು.

ಹೊಲ, ದನಗಳ ಬೆನ್ನಿಗೆ ಕೌಬರ್ಡ್ ಕೂಡ ಬಂತು. ನಮ್ಮ ಬೆಳ್ಳಕ್ಕಿ ಹಾಗೆ ದನದ ಹಿಂದೆ ಹೋಗಿ ಹುಳ ತಿನ್ನುತ್ತೆ, ನಮ್ಮ ಕೋಗಿಲೆ ಹಾಗೆ ಬೇರೆಯವರ ಗೂಡಲ್ಲಿ ಮೊಟ್ಟೆ ಇಡುತ್ತೆ. ಕೋಗಿಲೆಗೆ ಸಿಗೋದು ಕಾಗೆ ಗೂಡು, ಕಾಗೆಯೋ ದೊಡ್ಡ ಹಕ್ಕಿ. ಹತ್ತು ಗ್ರಾಂ ವಿರಿಯೊ ಏನು ಮಾಡ್ಬೇಕು? ತನಗಿಂತ ದೊಡ್ಡದಾಗಿ ಬೆಳೆಯೋ ಪರರ ಮರಿಗೆ ಗುಟುಕು ಕೊಟ್ಟೂ ಕೊಟ್ಟೂ ಸುಸ್ತಾಗುತ್ತೆ, ಸ್ವಂತ ಮರಿಗಳು ಹಸಿದು ಸಾಯ್ತವೆ.

1986ರಲ್ಲಿ ಅಮೆರಿಕ ಸರ್ಕಾರ ಇದನ್ನ ಅಳಿವಿನಂಚಿನ ಪಟ್ಟಿಗೆ ಸೇರಿಸಿದಾಗ ಅಲ್ಲಿ ಉಳಿದಿದ್ದು ಸುಮಾರು 300 ಜೋಡಿ. ಆಮೇಲೆ ನಡೆದದ್ದು ಮುಖ್ಯವಾಗಿ ಎರಡು ಕೆಲಸ: ಬೋನಿಟ್ಟು ಕೌಬರ್ಡ್ ಹಿಡಿಯೋದು, ದಂಡೆಯ ಪೊದೆ ಉಳಿಸಿ ಬೆಳೆಸೋದು. ಇಪ್ಪತ್ತು ವರ್ಷದಲ್ಲಿ ಸಂಖ್ಯೆ ಸುಮಾರು ಹತ್ತು ಪಟ್ಟಾಯ್ತು.

ನಂಗೆ ತುಂಬಾ ಇಷ್ಟವಾದ ವರ್ಷ 2005. ಸೆಂಟ್ರಲ್ ವ್ಯಾಲಿಯಲ್ಲಿ 60ಕ್ಕೂ ಹೆಚ್ಚು ವರ್ಷಗಳಿಂದ ಒಂದೂ ಗೂಡು ಕಂಡಿರಲಿಲ್ಲ. ಆ ವರ್ಷ ಸ್ಯಾನ್ ವಾಕೀನ್ ನದಿಯ ಅಭಯಾರಣ್ಯದಲ್ಲಿ ಒಂದು ಜೋಡಿ ಗೂಡು ಕಟ್ಟಿತು. ಎಲ್ಲಿ ಗೊತ್ತಾ? ಬರೀ ಮೂರು ವರ್ಷದ ಹಿಂದೆ ಜನ ನೆಟ್ಟಿದ್ದ ಗಿಡಗಳ ನಡುವೆ. ನಾವು ಬಿಕಾಂ ಮುಗಿಸೋಕೆ ತಗೊಳ್ಳೋ ಅಷ್ಟೇ ಟೈಮು!

ಇಷ್ಟಾದ್ರೂ ಒಂದು ವಿಷಯ ಕಾಡುತ್ತೆ. ಕೌಬರ್ಡ್ ವಿಲನ್ ಅಲ್ಲ. ಅದಕ್ಕೆ ದಾರಿ ಮಾಡಿಕೊಟ್ಟಿದ್ದೇ ಮನುಷ್ಯರು. ಒಂದು ಹಕ್ಕಿ ಉಳಿಸೋಕೆ ಇನ್ನೊಂದು ಹಕ್ಕಿಗೆ ವರ್ಷಾ ವರ್ಷ ಬೋನು ಇಡ್ತಾನೇ ಇರಬೇಕಾ? ನಿಮಗೇನನ್ಸುತ್ತೆ, ಕಾಮೆಂಟಲ್ಲಿ ಹೇಳಿ. ಹಾಗೇ, ನಿಮ್ಮೂರ ಹಳ್ಳದ ಪೊದೆಯನ್ನ 'ಕ್ಲೀನ್' ಮಾಡೋಕೆ ಜೆಸಿಬಿ ಬಂದ್ರೆ, ಮೊದಲು ಅದರೊಳಗೆ ಯಾರಿದ್ದಾರೆ ಅಂತ ಒಂದ್ಸಲ ನೋಡಿ.

#ಹಕ್ಕಿಚರಿತ್ರೆ #ನದಿದಂಡೆ #ಕನ್ನಡದಲ್ಲಿಓದಿ