ಕ್ಲಬ್ ಸದಸ್ಯರ ಮನೆಗೆ ವಿದೇಶಿ ಅತಿಥಿ: ಏನಿದು ಫ್ರೆಂಡ್‌ಶಿಪ್ ಎಕ್ಸ್‌ಚೇಂಜ್? ಖರ್ಚು ಯಾರದು?

ಕೂಡ್ಲಿಗಿ: ರೋಟರಿ, ಲಯನ್ಸ್ ಅಂದ್ರೆ ಕಣ್ಣಿನ ತಪಾಸಣೆ, ರಕ್ತದಾನ ಶಿಬಿರ ಅಂತಷ್ಟೇ ಬಹಳ ಜನರಿಗೆ ಗೊತ್ತು. ಆದರೆ ಈ ಕ್ಲಬ್‌ಗಳ ಸದಸ್ಯರು ಬೇರೆ ದೇಶದ ಸದಸ್ಯರ ಮನೆಯಲ್ಲಿ ಉಳಿದು ಬರುವ, ಅವರನ್ನು ತಮ್ಮ ಮನೆಗೆ ಕರೆಸಿಕೊಳ್ಳುವ ವ್ಯವಸ್ಥೆಯೂ ಇದೆ. ರೋಟರಿಯಲ್ಲಿ ಇದಕ್ಕೆ ಫ್ರೆಂಡ್‌ಶಿಪ್ ಎಕ್ಸ್‌ಚೇಂಜ್ ಎನ್ನುತ್ತಾರೆ. ನಮ್ಮ ಕಡೆ ಮದುವೆ ಮುಯ್ಯಿ ಇದ್ದಂಗೆ. ಇವತ್ತು ಅವರು ಮಾಡಿದ್ದನ್ನು ನಾಳೆ ನಾವು ತೀರಿಸಬೇಕು.

ಹೇಗೆ ನಡೆಯುತ್ತೆ?

ರೋಟರಿಯ 'ಜಿಲ್ಲೆ' ಕಂದಾಯ ಜಿಲ್ಲೆ ಅಲ್ಲ. ಬಳ್ಳಾರಿ ಭಾಗದ ಕ್ಲಬ್‌ಗಳು 3160ನೇ ಜಿಲ್ಲೆಯಲ್ಲಿವೆ, ಆಂಧ್ರದ ಕೆಲವು ಕ್ಲಬ್‌ಗಳೂ ಅದರಲ್ಲೇ ಸೇರಿವೆ. ಇಂಥ ಒಂದು ಜಿಲ್ಲೆ ಇನ್ನೊಂದು ದೇಶದ ಜಿಲ್ಲೆ ಜೊತೆ ಮಾತಾಡಿಕೊಂಡು ತಂಡ ಕಳಿಸುತ್ತದೆ. ದಂಪತಿಗಳು ಸೇರಿ ಹೋಗಬಹುದು. ಹೋಟೆಲ್ ಇಲ್ಲ, ಒಬ್ಬೊಬ್ಬ ಸದಸ್ಯರ ಮನೆಯಲ್ಲಿ ಕೆಲವು ದಿನ ವಾಸ. ಆಮೇಲೆ ಅವರು ನಮ್ಮಲ್ಲಿಗೆ ಬರುತ್ತಾರೆ.

ಖರ್ಚು ಯಾರದು?

ಇಲ್ಲೇ ಹೆಚ್ಚು ಗೊಂದಲ. ಊಟ, ವಸತಿ ಮನೆಯವರದು. ವಿಮಾನ ಟಿಕೆಟ್, ವೀಸಾ, ವಿಮೆ, ಕೈಖರ್ಚು ಹೋಗುವವರದೇ. ಹಿಂದೆ ಗ್ರೂಪ್ ಸ್ಟಡಿ ಎಕ್ಸ್‌ಚೇಂಜ್ ಎಂಬ ಕಾರ್ಯಕ್ರಮಕ್ಕೆ ರೋಟರಿ ಫೌಂಡೇಶನ್ ಹಣ ಕೊಡುತ್ತಿತ್ತು. ಅದು 2013ರಲ್ಲೇ ನಿಂತಿದೆ. ಫ್ರೆಂಡ್‌ಶಿಪ್ ಎಕ್ಸ್‌ಚೇಂಜ್‌ಗೆ ಅಂಥ ಹಣ ಇಲ್ಲ. ಹಾಗಾಗಿ ರೋಟರಿ ಸೇರಿದರೆ ಫಾರಿನ್ ಫ್ರೀ ಎಂಬ ಮಾತು ನಿಜವಲ್ಲ.

ಮಕ್ಕಳಿಗೂ ಇದೆ

ರೋಟರಿ ಯೂತ್ ಎಕ್ಸ್‌ಚೇಂಜ್ 15ರಿಂದ 19 ವರ್ಷದವರಿಗೆ. ಕೆಲವು ವಾರದ್ದೂ ಉಂಟು, ಒಂದು ಶೈಕ್ಷಣಿಕ ವರ್ಷದ್ದೂ ಉಂಟು. ಲಯನ್ಸ್‌ನಲ್ಲಿ ಯುವಕರಿಗೆ ಶಿಬಿರ ಮತ್ತು ಮನೆವಾಸ ಇದೆ. ಮಕ್ಕಳನ್ನು ಇಟ್ಟುಕೊಳ್ಳುವ ಕುಟುಂಬದ ಹಿನ್ನೆಲೆಯನ್ನು ರೋಟರಿಯವರು ಮೊದಲೇ ಪರಿಶೀಲಿಸುತ್ತಾರೆ. ಆದರೂ ಮಗ, ಮಗಳನ್ನು ಕಳಿಸುವ ಮುಂಚೆ ಆ ಮನೆಯವರ ಜೊತೆ ತಂದೆ ತಾಯಿ ವಿಡಿಯೊ ಕಾಲ್‌ನಲ್ಲಿ ಮಾತಾಡುವುದು ಒಳ್ಳೆಯದು.

ಮನೆಯವರು ಮರೆಯಬಾರದ್ದು

ವಿದೇಶಿಯರು ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಸಲ್ಲಿಸಲೇಬೇಕು. ಬಹಳ ಕಾಲ ಇದನ್ನು ಸಿ-ಫಾರ್ಮ್ ಎಂದೇ ಕರೆಯುತ್ತಿದ್ದರು. ಲಾಡ್ಜ್‌ಗಷ್ಟೇ ಅಲ್ಲ, ಮನೆಗೂ ಈ ನಿಯಮ ಇದೆ. ಪಾಸ್‌ಪೋರ್ಟ್, ವೀಸಾ ಪ್ರತಿ ಮೊದಲೇ ತರಿಸಿಟ್ಟುಕೊಳ್ಳಿ.

ದೊಡ್ಡ ಬಂಗಲೆ ಬೇಕಿಲ್ಲ. ಸ್ವಚ್ಛ ಕೋಣೆ, ಶೌಚಾಲಯ, ಶುದ್ಧ ನೀರು ಸಾಕು. ಮಿರ್ಚಿ ಮಂಡಕ್ಕಿ ಕೊಡಿ, ಖಾರ ಎಷ್ಟು ಅಂತ ಕೇಳಿ ಕೊಡಿ. ಔಷಧಿ, ಅಲರ್ಜಿ ವಿಚಾರಿಸಿ.

ತೋರಿಸಲು ನಮ್ಮಲ್ಲೇನಿದೆ?

ಬರುವವರು ಹಂಪಿ ಕೇಳಿಯೇ ಕೇಳುತ್ತಾರೆ. ಅದರ ಜೊತೆ ಕೊಟ್ಟೂರಿನ ಗುರುಬಸವೇಶ್ವರ ಸ್ವಾಮಿ ದೇವಸ್ಥಾನ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಹಕ್ಕಿಗಳು, ಹರಪನಹಳ್ಳಿ ಹತ್ತಿರದ ಬಾಗಳಿ ಕಲ್ಲೇಶ್ವರ ಗುಡಿ, ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮ, ಹಡಗಲಿಯ ಮಲ್ಲಿಗೆ ತೋಟ ಇವೆ. ಅಂಕಸಮುದ್ರ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದೆ. ಹಡಗಲಿ ಮಲ್ಲಿಗೆಗೆ ಜಿಐ ಮಾನ್ಯತೆ ಇದೆ. ಅತಿಥಿಗಳು ಬಂದರೆ ಆಟೊದವರಿಗೆ, ಹೂವಿನವರಿಗೆ, ಕಂಬಳಿ ಅಂಗಡಿಯವರಿಗೆ ನಾಲ್ಕು ಕಾಸು ಸಿಗುತ್ತೆ.

ಮೋಸ ಹೋಗಬೇಡಿ

ಕ್ಲಬ್ ಆಹ್ವಾನ ಪತ್ರ ಇದ್ದರೂ ವೀಸಾ ಸಿಕ್ಕೇ ಸಿಗುತ್ತೆ ಅಂತಿಲ್ಲ. ಅದನ್ನು ಕೊಡುವುದು ಆಯಾ ದೇಶದವರು. ಈ ವಿನಿಮಯದಲ್ಲಿ ಹೋಗಿ ಕೆಲಸಕ್ಕೆ ಸೇರುವಂತಿಲ್ಲ. ಕ್ಲಬ್ ಹೆಸರು ಹೇಳಿ 'ಇಷ್ಟು ಲಕ್ಷ ಕೊಡಿ, ಅಲ್ಲೇ ನೌಕರಿ ಮಾಡಿಸ್ತೀವಿ' ಅಂತ ಯಾರಾದರೂ ಬಂದರೆ ದುಡ್ಡು ಬಿಚ್ಚಬೇಡಿ. ನಿಮ್ಮೂರಿನ ಕ್ಲಬ್ ಅಧ್ಯಕ್ಷರನ್ನೋ ಕಾರ್ಯದರ್ಶಿಯನ್ನೋ ನೇರವಾಗಿ ಕೇಳಿ. ಮುಯ್ಯಿಗೆ ದಲ್ಲಾಳಿ ಇರೋದಿಲ್ಲ, ಇದಕ್ಕೂ ಇಲ್ಲ.