ಪುಣೆಯಿಂದ ಬೆಂಗಳೂರಿಗೆ: ಒಂದು ಮ್ಯಾಚು, ಎರಡು ಬಿಯರು, ಮರೆತುಹೋದ ಒಂದು ಕಪ್ಪು

ಶುಕ್ರವಾರ ರಾತ್ರಿ ಆಫೀಸು ಮುಗಿಸಿ ಪುಣೆಯಿಂದ ಹೊರಟರೆ, ಕೊಗನೊಳ್ಳಿ ಟೋಲ್ ದಾಟಿದ ಮೇಲೆ ಕನ್ನಡ ಬೋರ್ಡುಗಳು ಶುರುವಾಗುತ್ತವೆ. ಅಲ್ಲಿಂದ ಮುಂದೆ ಕಾರಿನಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ಬೆಳಿಗ್ಗೆ ದಾವಣಗೆರೆಯಲ್ಲಿ ಬೆಣ್ಣೆ ದೋಸೆ, ಮಧ್ಯಾಹ್ನಕ್ಕೆ ಬೆಂಗಳೂರು, ಸಂಜೆ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮ್ಯಾಚು, ಆಮೇಲೆ ಗೆಳೆಯನ ಮನೆಯ ತಾರಸಿಯಲ್ಲಿ ಬಿಯರು. ಕಾರಿನ ಕೀಲಿ ಅವನ ಅಮ್ಮನ ಕೈಗೆ ಕೊಟ್ಟ ಮೇಲೆಯೇ ಬಾಟಲಿ ತೆಗೆಯುವುದು ಎಂಬುದು ನಮ್ಮ ಹಳೆಯ ನಿಯಮ.

ಗೆಳೆಯ ಹಲಸೂರಿನ ಕಡೆಯವನು, ಪುಣೆಯಲ್ಲಿ ನನ್ನ ಜೊತೆ ಓದಿದವನು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಮೈದಾನದಲ್ಲಿ ದಖ್ಖನಿ. ಅವತ್ತು ತಾರಸಿಯಲ್ಲಿ ನಾನು 1911ರ ಮೋಹನ್ ಬಗಾನ್ ಕತೆ ಹೇಳಲು ಶುರುಮಾಡಿದೆ. ಬರಿಗಾಲಲ್ಲಿ ಆಡಿ ಬ್ರಿಟಿಷ್ ಸೈನಿಕರ ತಂಡವನ್ನು ಸೋಲಿಸಿ ಐಎಫ್ಎ ಶೀಲ್ಡ್ ಗೆದ್ದ ಕತೆ. ಅವನು ಸುಮ್ಮನೆ ಕೇಳಿಸಿಕೊಂಡು, "ಮುಂಬೈನ ರೋವರ್ಸ್ ಕಪ್ ಮೊದಲು ಗೆದ್ದ ಇಂಡಿಯನ್ ಟೀಮ್ ಯಾವುದು ಹೇಳು ನೋಡೋಣ" ಅಂದ.

ನನಗೆ ಗೊತ್ತಿರಲಿಲ್ಲ.

"ನಮ್ಮೋರು ಕಣೋ. ಬೆಂಗಳೂರು ಮುಸ್ಲಿಮ್ಸ್. 1937."

ಪುಣೆಗೆ ವಾಪಸಾದ ಮೇಲೆ ಓದುತ್ತಾ ಹೋದೆ. ರೋವರ್ಸ್ ಕಪ್ ಶುರುವಾದದ್ದು 1891ರಲ್ಲಿ. ಅಲ್ಲಿಂದ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅದು ಬ್ರಿಟಿಷ್ ರೆಜಿಮೆಂಟುಗಳ ಸ್ವಂತ ಸೊತ್ತಿನಂತಿತ್ತು. 1923ರಲ್ಲಿ ಮೋಹನ್ ಬಗಾನ್ ಫೈನಲ್ ತನಕ ಬಂದು ಸೋತಿತ್ತು. 1937ರ ಫೈನಲ್‌ನಲ್ಲಿ ಬೆಂಗಳೂರಿನವರ ಎದುರಿಗೆ ನಿಂತದ್ದು ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್. 1934ರಿಂದ 38ರ ತನಕ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದ ತಂಡ ಅದು. ಬೆಂಗಳೂರು ಮುಸ್ಲಿಮ್ಸ್ ಅದನ್ನು 1-0ಯಿಂದ ಸೋಲಿಸಿತು. ಮರುವರ್ಷ ಮತ್ತೆ ಗೆದ್ದಿತು, 1948ರಲ್ಲಿ ಮೂರನೇ ಸಲ. ಮುಂಬೈಯಲ್ಲಿ ಕನ್ನಡಿಗರು ಆಗಲೂ ಇದ್ದರು. ಇಷ್ಟಾದರೂ ನಾನು ಕೂತು ಕೇಳಿದ ಯಾವ ಕನ್ನಡ ಸಂಘದ ಭಾಷಣದಲ್ಲೂ ಈ ಕಪ್ಪಿನ ಮಾತು ಬಂದದ್ದಿಲ್ಲ.

ಯಾಕೆ ಎಂದು ಯೋಚಿಸಿದರೆ ದಂಡಿಗೇ ಹೋಗಬೇಕಾಗುತ್ತದೆ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದ ತಮ್ಮ ಸೈನ್ಯವನ್ನು ಬೆಂಗಳೂರಿಗೆ ತಂದರು. ಸೈನ್ಯದ ಹಿಂದೆಯೇ ಅದರ ಅಡುಗೆಯವರು, ದೋಬಿಗಳು, ಲಾಯದವರು, ಫಿರಂಗಿ ಎಳೆಯುವವರು ಬಂದರು. ಅವರಲ್ಲಿ ಬಹಳಷ್ಟು ಜನ ತಮಿಳು ಸೀಮೆಯವರು. ಇಂದಿನ ಗೌತಮಪುರಕ್ಕೆ ಹಳಬರು ಈಗಲೂ 'ಗನ್ ಟ್ರೂಪ್' ಅನ್ನುತ್ತಾರೆ. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿತು, ದಂಡು ಮಾತ್ರ ಬ್ರಿಟಿಷರ ಕೈಯಲ್ಲೇ ಉಳಿಯಿತು. ಅದು ಮೈಸೂರಿಗೆ ಸೇರಿದ್ದು 1947ರಲ್ಲಿ. ಅಂದರೆ ರೋವರ್ಸ್ ಕಪ್ ಬಂದಾಗ, ಆಟ ಬೆಳೆದ ಆ ಬೀದಿಗಳು ಕಾಗದದ ಮೇಲೆ ಮೈಸೂರು ರಾಜ್ಯದ ಆಡಳಿತದಲ್ಲೇ ಇರಲಿಲ್ಲ. ಗಡಿ ಅಳಿಸಿ ಮುಕ್ಕಾಲು ಶತಮಾನ ಕಳೆದರೂ ನಮ್ಮ ತಲೆಯೊಳಗಿನ ಗೆರೆ ಹಾಗೇ ಇದೆ. ಪೇಟೆಯದ್ದು ನಮ್ಮ ಚರಿತ್ರೆ, ದಂಡಿನದ್ದು 'ಅವರದ್ದು'. ಪರಊರಲ್ಲಿ ನಿಂತು ಕನ್ನಡದ ಹೆಮ್ಮೆ ಮಾತಾಡುವ ನನ್ನಂಥವನ ತಲೆಯಲ್ಲೂ.

ಬಿಯರಿನ ಕತೆಯೂ ಇದೇ ದಂಡಿನದ್ದು. ಸೈನಿಕರಿಗೆ ಬಿಯರು ಬೇಕಿತ್ತು, ದೊಡ್ಡ ದೊಡ್ಡ ಪೀಪಾಯಿಗಳಲ್ಲಿ ಎತ್ತಿನ ಗಾಡಿಯ ಮೇಲೆ ಬರುತ್ತಿತ್ತು. ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು 1915ರಲ್ಲಿ ದಕ್ಷಿಣದ ಐದು ಬ್ರುವರಿಗಳನ್ನು ಒಟ್ಟುಮಾಡಿ ಯುನೈಟೆಡ್ ಬ್ರುವರೀಸ್ ಕಟ್ಟಿದ. 1947ರಲ್ಲಿ ಬಂಟ್ವಾಳ ಮೂಲದ ವಿಠಲ್ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಕಂಪನಿಯನ್ನು ನಾವು 'ನಮ್ಮದು' ಎಂದು ಬೇಗ ಒಪ್ಪಿಕೊಂಡೆವು. ಕಂಠೀರವದಿಂದ ನಡೆದು ಹೋಗುವಷ್ಟು ದೂರದಲ್ಲಿ, ಹಳೆಯ ಬ್ರುವರಿ ಇದ್ದ ಜಾಗದಲ್ಲಿ ಈಗ ಯುಬಿ ಸಿಟಿ ಇದೆ. ರಸ್ತೆಗೆ ಮಲ್ಯರ ಹೆಸರೇ ಇದೆ. ಚೆಂಡು ಒದ್ದವರ ಹೆಸರಿಗೆ ಅಂಥ ಅದೃಷ್ಟ ಬರಲಿಲ್ಲ.

ಹೆಸರುಗಳೇನು ಕಡಿಮೆಯೇ? 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ಎದುರು 1-2ರಿಂದ ಸೋತಿತು. ಎರಡು ಪೆನಾಲ್ಟಿ ಕೈತಪ್ಪಿದ, ನಮ್ಮವರಲ್ಲಿ ಬಹುಪಾಲು ಜನ ಬರಿಗಾಲಲ್ಲಿ ಆಡಿದ ಆ ಮ್ಯಾಚಿನಲ್ಲಿ ಭಾರತದ ಒಂದೇ ಗೋಲು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿ, ಅಲ್ಲಿಯ ಜನ 'ಪಂಚ ಪಾಂಡವರು' ಎಂದು ಕರೆದ ಐವರಲ್ಲಿ ಒಬ್ಬರಾದರು. ಹೊಟ್ಟೆಪಾಡಿಗೆ ಊರು ಬಿಟ್ಟ ನಮಗೆ ಇದು ಅರ್ಥವಾಗಬೇಕು. ಅವರನ್ನು ನೆನಪಿಟ್ಟುಕೊಂಡದ್ದು ಬಂಗಾಳ. 1998ರಲ್ಲಿ ಅದೇ ಈಸ್ಟ್ ಬೆಂಗಾಲ್ ಹೆಸರಿನ ಮುಂದೆ ನಮ್ಮ ಬಿಯರಿನ ಹೆಸರು ಸೇರಿ 'ಕಿಂಗ್‌ಫಿಶರ್ ಈಸ್ಟ್ ಬೆಂಗಾಲ್' ಆಯಿತು. ಅಹ್ಮದ್ ಖಾನ್ ಹೋದ ಅರ್ಧ ಶತಮಾನದ ಮೇಲೆ ಬೆಂಗಳೂರಿನ ಬಿಯರು ಅವರ ಕ್ಲಬ್ಬಿಗೆ ಹೋಗಿ ಮುಟ್ಟಿತು.

2023ರಲ್ಲಿ ರಿಯಾದ್‌ನಲ್ಲಿ ಕರ್ನಾಟಕ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎರಡು ಚಪ್ಪಾಳೆ ಬಿದ್ದವು. ಆಮೇಲೆ ಯಾರೋ ಐಪಿಎಲ್ ವಿಷಯ ಎತ್ತಿದರು.

ಭಾನುವಾರ ಬೆಳಿಗ್ಗೆ ಹೊರಡುವ ಮುಂಚೆ ಗೆಳೆಯ ಗೌತಮಪುರಕ್ಕೆ ಕರೆದುಕೊಂಡು ಹೋಗಿದ್ದ. ಅಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಜೊತೆಯಲ್ಲಿ ಪೆಲೆಯ ಪ್ರತಿಮೆಯೂ ಇದೆ. ಪಕ್ಕದ ಮೈದಾನದಲ್ಲಿ ಹುಡುಗರು ಮೂರು ಭಾಷೆಯಲ್ಲಿ ಬೈದಾಡಿಕೊಂಡು ಆಡುತ್ತಿದ್ದರು, ಕನ್ನಡದ ಬೈಗುಳವೇ ಜಾಸ್ತಿ ಕೇಳಿಸಿತು. ನಾನು ಅಲ್ಲಿಯ ಫೋಟೋ ತೆಗೆಯಲು ಹೋದರೆ ಅವನ ಅಪ್ಪ ತಡೆದರು. "ಇದನ್ನ ನಾವು ದಿನಾ ನೋಡ್ತೀವಿ ಕಣಪ್ಪಾ. ಮುಂಬೈಗೆ ಹೋದಾಗ ಕೂಪರೇಜ್ ಗ್ರೌಂಡ್ ಫೋಟೋ ತೆಗೆದು ಕಳ್ಸು. ನಮ್ಮಪ್ಪ ಅದರ ಮಾತೇ ಆಡೋರು. ನಾನು ಒಂದ್ಸಲಾನೂ ನೋಡಿಲ್ಲ."