ಕಾರ್ನಿಯಾ ಹುಣ್ಣಿನ ಸಂಶೋಧನೆ: ಸಿಂಧನೂರು ಸೀಮೆಯ ನೆಲೆಯಿಂದ ಒಂದು ಚಾರಿತ್ರಿಕ ಅವಲೋಕನ

ರಾಯಚೂರು ಜಿಲ್ಲೆಯ ಚರಿತ್ರೆಯೆಂದೊಡನೆ ವಿದ್ವಾಂಸರ ಗಮನ ಮಸ್ಕಿಯ ಬಂಡೆಯತ್ತ ಹರಿಯುವುದು ಸಹಜ. 1915ರಲ್ಲಿ ಬೆಳಕಿಗೆ ಬಂದ ಅಲ್ಲಿನ ಶಾಸನವು ದೇವಾನಾಂಪ್ರಿಯನು ಅಶೋಕನೇ ಎಂಬುದನ್ನು ಸ್ಥಿರಪಡಿಸಿತು. ಇದೇ ಸೀಮೆಯ ರೈತಾಪಿ ಜನರ ಕಣ್ಣಿಗೂ ಒಂದು ಚರಿತ್ರೆಯಿದೆ. ಅದನ್ನು ವಿಜ್ಞಾನದ ಬೆಳವಣಿಗೆಯೊಡನೆ ಇರಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧಗೊಂಡ ತರುವಾಯ ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಎರೆಹೊಲಗಳನ್ನು ಭತ್ತದ ಗದ್ದೆಗಳನ್ನಾಗಿಸಿತು. ಲಿಂಗಸುಗೂರು ಭಾಗದಲ್ಲಿ ಜೋಳ, ತೊಗರಿಗಳ ಒಣಬೇಸಾಯ ಬಹುಕಾಲ ಪ್ರಧಾನವಾಗಿತ್ತು. ಗದ್ದೆಯಾಗಲಿ ಹೊಲವಾಗಲಿ, ಕೊಯ್ಲು ಮತ್ತು ರಾಶಿಯ ಕಾಲದಲ್ಲಿ ತೆನೆಯ ಮುಳ್ಳೋ ಹೊಟ್ಟೋ ಕಣ್ಣಿಗೆ ತಾಗುವುದುಂಟು. ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಕಾರ್ನಿಯಾದ ಮೇಲ್ಪದರ ಹರಿದಾಗ ಫ್ಯುಸೇರಿಯಂ, ಆಸ್ಪರ್ಜಿಲಸ್ ಮೊದಲಾದ ಶಿಲೀಂಧ್ರಗಳು ಒಳಸೇರಿ ಹುಣ್ಣನ್ನುಂಟುಮಾಡುತ್ತವೆ. ಹುಣ್ಣು ಮಾದರೂ ಬಿಳಿಯ ಕಲೆ ಉಳಿಯಬಹುದು. ಜನರು ಇದನ್ನೇ ಕಣ್ಣಿನಲ್ಲಿ ಹೂ ಬಿದ್ದಿತೆನ್ನುತ್ತಾರೆ.

ಅಂಧತ್ವ ನಿವಾರಣೆಯಲ್ಲಿ ಕರ್ನಾಟಕದ ಪರಂಪರೆ ಹಿರಿದಾದುದು. ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ನೇತ್ರಶಿಬಿರಗಳ ಮೂಲಕ ಹಳ್ಳಿಗಳ ಅಸಂಖ್ಯ ಜನರ ಕಣ್ಣಿನ ಪೊರೆ ತೆಗೆದರು. ಆದರೆ ಪೊರೆಯಂತೆ ಕಾರ್ನಿಯಾದ ಕಲೆಯನ್ನು ತೆಗೆದೊಗೆಯಲಾಗದು. 1905ರಲ್ಲಿ ಎಡ್ವರ್ಡ್ ಜಿರ್ಮ್ ಸಾಧಿಸಿ ತೋರಿಸಿದ ಕಾರ್ನಿಯಾ ಕಸಿಗೆ ದಾನಿಯ ಕಣ್ಣು ಬೇಕು. ಆದುದರಿಂದ ಹುಣ್ಣನ್ನು ಆರಂಭದಲ್ಲಿಯೇ ಗುರುತಿಸುವುದು ಅಗತ್ಯ.

ಇಲ್ಲಿಯೇ ತೊಡಕಿರುವುದು. ಬ್ಯಾಕ್ಟೀರಿಯಾದ ಹುಣ್ಣೂ ಶಿಲೀಂಧ್ರದ ಹುಣ್ಣೂ ನೋಟಕ್ಕೆ ಒಂದೇ ಬಗೆಯಾಗಿ ಕಾಣಬಹುದು. ಔಷಧಗಳು ಮಾತ್ರ ಬೇರೆ. ಶಿಲೀಂಧ್ರದ ಹುಣ್ಣಿಗೆ ಸ್ಟೀರಾಯ್ಡ್ ಹನಿ ಹಾಕಿದರೆ ರೋಗ ಉಲ್ಬಣಿಸುತ್ತದೆ. 1997ರಲ್ಲಿ ಪ್ರಕಟವಾದ ಮದುರೆಯ ಅಧ್ಯಯನವು 434 ರೋಗಿಗಳನ್ನು ಪರಿಶೀಲಿಸಿತು. ರೋಗಾಣು ಬೆಳೆದುಬಂದ ಹುಣ್ಣುಗಳಲ್ಲಿ ಅರ್ಧದ ಸಮೀಪ ಶಿಲೀಂಧ್ರಮೂಲದವೆಂದು ಅದು ತಿಳಿಸಿತು. ದಕ್ಷಿಣ ಭಾರತದ ಕೃಷಿಪ್ರದೇಶಗಳಿಗೆ ಇದು ಮಹತ್ವದ ಸೂಚನೆ.

ಹುಣ್ಣಿನಿಂದ ಕೆರೆದು ತೆಗೆದ ಅಂಶವನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದು ಹಳೆಯ, ಅಗ್ಗದ, ಇಂದಿಗೂ ಉಪಯುಕ್ತವಾದ ವಿಧಾನ. ಪ್ರಯೋಗಾಲಯದಲ್ಲಿ ಶಿಲೀಂಧ್ರ ಬೆಳೆಸಲು ದಿನಗಳೇ ಹಿಡಿಯುತ್ತವೆ. 1983ರಲ್ಲಿ ಕ್ಯಾರಿ ಮುಲ್ಲಿಸ್ ರೂಪಿಸಿದ ಪಿಸಿಆರ್ ತಂತ್ರದಿಂದ ಅತ್ಯಲ್ಪ ಡಿಎನ್‌ಎಯನ್ನೂ ವರ್ಧಿಸಿ, ಕೆಲವೇ ಗಂಟೆಗಳಲ್ಲಿ ರೋಗಾಣುವಿನ ಗುರುತು ಹಿಡಿಯುವುದು ಸಾಧ್ಯವಾಯಿತು. ಕಾನ್‌ಫೋಕಲ್ ಸೂಕ್ಷ್ಮದರ್ಶಕವು ಜೀವಂತ ಕಾರ್ನಿಯಾದೊಳಗಿನ ಶಿಲೀಂಧ್ರದ ಎಳೆಗಳನ್ನೇ ತೋರಿಸಿತು. ಈಚೆಗೆ ಕಣ್ಣಿನ ಛಾಯಾಚಿತ್ರವನ್ನು ಗಣಕಯಂತ್ರದಿಂದ ಸಂಸ್ಕರಿಸಿ ಹುಣ್ಣಿನ ಮೂಲವನ್ನು ಊಹಿಸುವ ಸಂಶೋಧನೆ ನಡೆದಿದೆ. ಅದು ಪರೀಕ್ಷೆಗೆ ಪರ್ಯಾಯವಲ್ಲ, ದೂರದ ವೈದ್ಯನಿಗೆ ನೆರವು.

ಇವೆಲ್ಲವೂ ನಗರದ ಪ್ರಯೋಗಾಲಯಗಳಲ್ಲಿ ಬೆಳೆದ ವಿದ್ಯೆಗಳು. ರಾಶಿಯ ಕಣದಿಂದ ಬಂದ ರೈತನ ಕಣ್ಣಿಗೆ ಮೊದಲ ವಾರದಲ್ಲಿಯೇ ಸರಿಯಾದ ಪರೀಕ್ಷೆ ದೊರೆತಾಗ ಮಾತ್ರ ಅವು ಸಾರ್ಥಕವಾಗುತ್ತವೆ. ಶಿಬಿರಗಳು ಹಳ್ಳಿಗೆ ಶಸ್ತ್ರಚಿಕಿತ್ಸೆಯನ್ನು ಕೊಂಡೊಯ್ದಂತೆ, ತಾಲ್ಲೂಕು ಕೇಂದ್ರಗಳಿಗೆ ರೋಗನಿರ್ಣಯವನ್ನು ಕೊಂಡೊಯ್ಯುವುದೇ ಈ ಚರಿತ್ರೆಯ ಮುಂದಿನ ಅಧ್ಯಾಯವಾಗಬೇಕಾಗಿದೆ.